ಗಟಾರದ ಜೋಕಿಗೆ ನಗದವನು



ನಿನ್ನೆ ಕೊಪ್ಪದಲ್ಲಿ ನಮ್ಮ ಕೇರಿ ಹುಡುಗರ ಜೊತೆ ‘ಜಾನೇ ಭೀ ದೋ ಯಾರೋ’ ನೋಡ್ದೆ. ಕುಂದನ್ ಶಾ 1983ರಲ್ಲಿ ಮಾಡಿದ ಹಿಂದಿ ಸಿನಿಮಾ. ಬೊಂಬಾಯಿಯಲ್ಲಿ ಹೊಸದಾಗಿ ಫೋಟೋ ಸ್ಟುಡಿಯೋ ತೆರೆದ ಇಬ್ಬರು ಹುಡುಗರು ಬಿಲ್ಡರು, ಅಧಿಕಾರಿಗಳ ಕಳ್ಳಾಟ ಕಂಡುಹಿಡೀತಾರೆ. ಕೊನೆಗೆ ಜೈಲಿಗೆ ಹೋಗೋರೂ ಅವರೇ.

ಅದರಲ್ಲಿ ಸತ್ತ ಕಮಿಷನರನನ್ನು, ಗಟಾರಕ್ಕಾಗೇ ಬದುಕಿದ, ಗಟಾರಕ್ಕಾಗೇ ಸತ್ತ ಅಂತ ಹೊಗಳ್ತಾರೆ. ಎಲ್ಲರೂ ಬಿದ್ದುಬಿದ್ದು ನಕ್ಕರು. ಬೆಂಗಳೂರಲ್ಲಿ ಮ್ಯಾನ್‌ಹೋಲ್ ಕೆಲಸ ಮಾಡಿ ಬಂದ ಹುಡುಗ ಮಾತ್ರ ನಗಲಿಲ್ಲ. “ಅಣ್ಣ, ಗಟಾರದಲ್ಲಿ ಕಮಿಷನರ್ ಸತ್ತಿದ್ದು ಯಾವತ್ತಾದ್ರೂ ಕಂಡಿದ್ದೀಯಾ?” ಅಂದ.

ಮಲ ಹೊರುವುದನ್ನು ಬಸವಲಿಂಗಪ್ಪನವರು ಮಂತ್ರಿಯಾಗಿ 70ರ ದಶಕದಲ್ಲೇ ನಿಷೇಧಿಸಿದ್ರು. 2013ರಲ್ಲಿ ಕೇಂದ್ರದ ಕಾಯ್ದೆ ಬಂತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2023ರಲ್ಲಿ ಅದನ್ನು 30 ಲಕ್ಷ ಮಾಡ್ತು. ಪರಿಹಾರ ಏರ್ತು. ಗುಂಡಿಗೆ ಇಳಿಯೋ ಜಾತಿ ಬದಲಾಗಲಿಲ್ಲ.

ಸಿನಿಮಾ ನೋಡಿ, ನಗಿ. ಆದ್ರೆ ಪಟ್ಟಣಕ್ಕೆ ದುಡಿಯೋಕೆ ಹೋಗಿರೋ ನಿಮ್ಮ ಕೇರಿ ಹುಡುಗರಿಗೆ ಇವತ್ತೇ ಒಂದು ಫೋನ್ ಮಾಡಿ. “ಗುಂಡಿಗೆ ಇಳಿ ಅಂದ್ರೆ ಇಳೀಬೇಡ, ಮಿಷನ್ ತರಿಸಿ ಅನ್ನು. ಕಾನೂನು ನಿನ್ನ ಕಡೆ ಇದೆ, ನಾವೂ ಇದ್ದೀವಿ” ಅಂತ ಹೇಳಿ.