ತೊಣ್ಣೂರಿನ ತೆಪ್ಪಕ್ಕೆ ಬಹುಮಾನವಿಲ್ಲ

ತಪ್ಪೊಪ್ಪಿಗೆಯಿಂದಲೇ ಆರಂಭಿಸುತ್ತೇನೆ. ಕಳೆದ ವರ್ಷ ನಮ್ಮ ಸೀಮೆಯ ಒಂದು ಶಾಲೆಯಲ್ಲಿ ಮಕ್ಕಳ ವಸ್ತುಪ್ರದರ್ಶನ ನಡೆಯಿತು. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಕನ್ನಡದ ಮೇಷ್ಟ್ರಿಗೂ ಮಾದರಿಗಳ ಪ್ರದರ್ಶನಕ್ಕೂ ಏನು ಸಂಬಂಧವೆಂದು ಕೇಳಬೇಡಿ. ಕರೆದಲ್ಲಿಗೆ ಹೋಗಿ ಹಾರ ಹಾಕಿಸಿಕೊಂಡು ಬರುವುದೂ ನಮ್ಮ ಉದ್ಯೋಗದ ಒಂದು ಭಾಗವಾಗಿದೆ.

ಮೊದಲನೆಯ ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಒಂದು ಹಡಗು. ಮೂರು ಕೂವೆಮರ, ಎಳೆ ಎಳೆಯಾಗಿ ಬಿಗಿದ ಹಗ್ಗ, ಪಕ್ಕದಲ್ಲಿ ಸಾಲಾಗಿ ಪುಟ್ಟ ಫಿರಂಗಿ. ನೋಡಿದವರು ಬಾಯಿ ತೆರೆಯಬೇಕು, ಹಾಗಿತ್ತು. ಕೊನೆಯ ಮೇಜಿನ ಮೇಲೆ, ನೀರು ತುಂಬಿದ ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ, ಗೇಣಗಲದ ಒಂದು ತೆಪ್ಪ. ಬಿದಿರಿನ ದಬ್ಬೆ ಸೀಳಿ ಹೆಣೆದು, ಗೊಬ್ಬರದ ಚೀಲದ ಹಾಳೆ ಹೊದಿಸಿ, ಅಂಚಿಗೆ ದಾರ ಸುತ್ತಿದ್ದರು. ಒಂದು ಕಡೆ ಸಣ್ಣಗೆ ನೀರು ಒಸರುತ್ತಿತ್ತು.

ಹಡಗಿನ ಹುಡುಗನನ್ನು ಕೇಳಿದೆ: “ನಿಜವಾದ ಹಡಗಿನ ಎಷ್ಟನೆಯ ಒಂದು ಪಾಲಪ್ಪಾ ಇದು?” ಹುಡುಗ ಹಿಂದೆ ತಿರುಗಿ ನೋಡಿದ. ಹಿಂದಿದ್ದ ತಂದೆ ಉತ್ತರ ಹೇಳಿದರು. ಜೋಡಿಸಿ ಕೊಡುವುದಕ್ಕೇ ಬೆಂಗಳೂರಿನಲ್ಲಿ ಜನರಿದ್ದಾರೆಂಬುದನ್ನೂ ಹೆಮ್ಮೆಯಿಂದಲೇ ತಿಳಿಸಿದರು. ತೆಪ್ಪದ ಹುಡುಗ ತೊಣ್ಣೂರಿನವನು. ಅವನನ್ನು ನಮ್ಮಲ್ಲೊಬ್ಬರು, “ಇದರ ತತ್ತ್ವವೇನು?” ಎಂದು ಕೇಳಿದರು. ಅವನಿಗೆ ಆರ್ಕಿಮಿಡೀಸನ ಹೆಸರು ಬರಲಿಲ್ಲ. ಒಂದು ಕಲ್ಲು ತೆಗೆದುಕೊಂಡು, “ಮಧ್ಯಕ್ಕಿಟ್ರೆ ನಿಂತ್ಕತದೆ ಸಾ, ಅಂಚಿಗಿಟ್ರೆ ವಾಲ್ಕತದೆ” ಎಂದು ಇಟ್ಟು ತೋರಿಸಿದ. ತೆಪ್ಪ ವಾಲಿತು. ತೀರ್ಪುಗಾರರು ನಕ್ಕರು.

ಮೊದಲನೆಯ ಬಹುಮಾನ ಹಡಗಿಗೆ, ‘ಅಚ್ಚುಕಟ್ಟಿಗಾಗಿ’. ತೆಪ್ಪಕ್ಕೆ ಸಮಾಧಾನಕರ ಬಹುಮಾನವೂ ಇಲ್ಲ. ಆ ಪಟ್ಟಿಗೆ ಸಹಿ ಹಾಕಿದವರಲ್ಲಿ ಈ ಲೇಖಕನೂ ಇದ್ದಾನೆ. ಹಣ ಕೊಟ್ಟು ತಂದದ್ದಕ್ಕೆ ಮಾನ, ಮಾಡಿ ತಂದದ್ದಕ್ಕೆ ನಗೆ: ಮಕ್ಕಳಿಗೆ ಆ ದಿನ ನಾವು ಕಲಿಸಿದ ಪಾಠ ಇದೊಂದೇ.

ಇಷ್ಟು ಓದಿದೊಡನೆ ಕೆಲವರು, “ಸರಿ, ಈ ವಿಲಾಯತಿ ಪೆಟ್ಟಿಗೆಗಳನ್ನು ಮೊದಲು ನಿಲ್ಲಿಸಬೇಕು” ಎಂದು ಎದ್ದು ನಿಲ್ಲುತ್ತಾರೆ. ದಯವಿಟ್ಟು ಕುಳಿತುಕೊಳ್ಳಿ. ನನ್ನ ಜಗಳ ಪೆಟ್ಟಿಗೆಯೊಡನೆ ಅಲ್ಲ. ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರುವ ಈ ಕಾರು, ದೋಣಿ, ಹಡಗುಗಳ ಮಾದರಿ ಬಹಳ ಒಳ್ಳೆಯ ವಿದ್ಯೆ. ಮಾಡುವವನು ತಾನೇ ಮಾಡಿದರೆ ಮಾತ್ರ. ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಕಾರುಗಳನ್ನು ಜೋಡಿಸುತ್ತಾನೆ, 24ರಲ್ಲಿ ಒಂದು ಪಾಲಿನ ಅಳತೆಯವು. ಚೌಕಟ್ಟಿನಿಂದ ಒಂದೊಂದೇ ಭಾಗವನ್ನು ಕತ್ತರಿಸಿ, ಅರದಿಂದ ಉಜ್ಜಿ, ಒಣಗಿಸಿ ಅಂಟಿಸಿ, ತೆಳುವಾಗಿ ಎರಡು ಮೂರು ಸಲ ಬಣ್ಣ ಹೊಡೆಯುತ್ತಾನೆ. ಆತುರಪಟ್ಟರೆ ಬಣ್ಣ ಇಳಿಯುತ್ತದೆ. ಅಂಟು ಹೆಚ್ಚಾದರೆ ಪ್ಲಾಸ್ಟಿಕ್ ಕರಗುತ್ತದೆ. ಈ ಶಿಸ್ತನ್ನು ನಮ್ಮ ತರಗತಿಗಳು ಅವನಿಗೆ ಕಲಿಸಿರಲಿಲ್ಲ.

ಒಮ್ಮೆ ಅವನು ಹೊಳೆಯುವ ಒಂದು ಕಾರಿನ ಮೇಲೆ ತಂತಿಯ ಕ್ಯಾರಿಯರ್ ಕೂರಿಸಿ, ಬಟ್ಟೆಯ ಗಂಟು, ಹಾಸಿಗೆ ಸುರುಳಿ ಹೇರಿ, ಬಾಗಿಲಿಗೆ ಒಂದು ತಗ್ಗು ಮಾಡಿ, ನಮ್ಮ ಊರಿನ ಕೆಂಪು ಮಣ್ಣನ್ನು ಜರಡಿ ಹಿಡಿದು ಚಕ್ರದ ಸುತ್ತ ಸವರಿದ. ಅಮೆರಿಕದ ಕಾರು ಪಾಂಡವಪುರದ ಸಂತೆಯ ಟ್ಯಾಕ್ಸಿಯಾಯಿತು! ಪೆಟ್ಟಿಗೆಯ ಮೇಲಿನ ಚಿತ್ರವನ್ನು ಮೀರುವ ಈ ಕೆಲಸವನ್ನು ತಯಾರಕರೇ ಬಯಸಿದವರು. ಅಮೆರಿಕದ ಎಎಂಟಿ ಕಂಪನಿ 1958ರಿಂದಲೇ ಒಂದೇ ಪೆಟ್ಟಿಗೆಯಲ್ಲಿ ಮೂರು ಬಗೆಯ ಭಾಗಗಳನ್ನಿಟ್ಟು, ಕಾರ್ಖಾನೆಯಿಂದ ಬಂದ ಹಾಗೋ, ಪಂದ್ಯಕ್ಕೆ ಹೋಗುವ ಹಾಗೋ, ಮನಸ್ಸಿಗೆ ಬಂದ ಹಾಗೋ ಕಟ್ಟಿಕೊಳ್ಳಿ ಎಂದಿತು. ಬದಲಾಯಿಸಬೇಕಾದರೆ ಮೊದಲು ತಿಳಿದಿರಬೇಕು. ನಮ್ಮ ಪ್ರದರ್ಶನದ ಹಡಗಿನಲ್ಲಿ ಇಲ್ಲದಿದ್ದದ್ದು ಇದೇ: ಹುಡುಗನ ಒಂದು ತಪ್ಪಾಗಲಿ, ಒಂದು ಬದಲಾವಣೆಯಾಗಲಿ ಅದರಲ್ಲಿರಲಿಲ್ಲ.

ಇನ್ನು ಕೆಲವರು, “ಇದೆಲ್ಲ ಮಕ್ಕಳಾಟ, ಪರೀಕ್ಷೆಗೆ ಓದಲಿ” ಎನ್ನುತ್ತಾರೆ. ತೊಣ್ಣೂರಿನಿಂದ ಬಹಳ ದೂರ ಹೋಗಬೇಕಾಗಿಲ್ಲ. ಕೃಷ್ಣರಾಜಸಾಗರದಲ್ಲಿ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ. ಅಣೆಕಟ್ಟು, ಕೋಡಿ, ನಾಲೆಗಳ ಸಣ್ಣ ಮಾದರಿಗಳನ್ನು ಕಟ್ಟಿ, ನೀರು ಹರಿಸಿ ಪರೀಕ್ಷಿಸುವುದು ಅಲ್ಲಿನ ಕೆಲಸಗಳಲ್ಲೊಂದು. ಎಂಜಿನಿಯರರು ಸಂಬಳ ಪಡೆದು ಆಡುವ ಆಟವನ್ನು ಹುಡುಗ ಗೊಬ್ಬರದ ಚೀಲದಲ್ಲಿ ಆಡಿದರೆ ಕಾಲಹರಣವೇ?

ಆ ತೆಪ್ಪದ ಲೆಕ್ಕವನ್ನೇ ನೋಡಿ. ಎಂಟಡಿ ಅಗಲದ ತೆಪ್ಪವನ್ನು ಹತ್ತರಲ್ಲೊಂದಕ್ಕೆ ಇಳಿಸಿದರೆ ಸುಮಾರು ಒಂದು ಗೇಣಾಗುತ್ತದೆ. ಆದರೆ ಅದು ಹೊರುವ ಭಾರ ಹತ್ತರಲ್ಲೊಂದಾಗುವುದಿಲ್ಲ. ಉದ್ದ, ಅಗಲ, ಆಳ ಮೂರೂ ಇಳಿಯುವುದರಿಂದ ಭಾರ ಸಾವಿರದಲ್ಲೊಂದಾಗುತ್ತದೆ. 60 ಕಿಲೋ ತೂಕದ ಮನುಷ್ಯನ ಬದಲು ಆ ಪುಟ್ಟ ತೆಪ್ಪದಲ್ಲಿ 60 ಗ್ರಾಮಿನ ಕಲ್ಲನ್ನು ಕೂರಿಸಬೇಕು. ನಾಲ್ಕು ಕಲ್ಲು ಕೂರಿಸಿದರೆ ನಾಲ್ಕು ಜನ. ಎಷ್ಟನೆಯ ಕಲ್ಲಿಗೆ ಅಂಚು ನೀರಿಗೆ ತಾಗುತ್ತದೆಂದು ನೋಡಿದರೆ, ಕೆರೆಯಲ್ಲಿ ಎಷ್ಟು ಮಂದಿಗೆ ಅಪಾಯವೆಂಬುದರ ಅಂದಾಜು ಸಿಗುತ್ತದೆ. ಹುಡುಗ ಕಲ್ಲು ಇಟ್ಟು ತೋರಿಸಿದಾಗ ನಾವು ಮಾಡಬೇಕಾಗಿದ್ದದ್ದು ಒಂದು ತಕ್ಕಡಿ ತರಿಸುವುದು. ನಾವು ಮಾಡಿದ್ದು ನಗುವುದು.

ಈ ನಗೆಗೆ ಒಂದು ಹಳೆಯ ಬೇರಿದೆ. ಅದೇ ಬೆರಳು ಪ್ಲಾಸ್ಟಿಕ್ ಉಜ್ಜಿದರೆ ‘ಹವ್ಯಾಸ’, ಬಿದಿರು ಸೀಳಿದರೆ ‘ಕಸುಬು’. ಹವ್ಯಾಸ ದೊಡ್ಡವರ ಮನೆಯ ಹುಡುಗರಿಗೆ. ಕಸುಬು ಮೇದರು, ಬಡಗಿಗಳು, ಕಮ್ಮಾರರು ಇವರ ಪಾಲಿಗೆ. ಸೋಮನಾಥಪುರಕ್ಕೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗುತ್ತೇವೆ. 1258ರ ಆ ದೇವಾಲಯದ ಗೋಡೆಯ ಮೇಲೆ ಶಿಲ್ಪಿಗಳು ಕಂಬ ಸಮೇತ ಕಡೆದ ಪುಟ್ಟ ಗೋಪುರಗಳನ್ನು ತೋರಿಸಿ, “ನೋಡಿ, ನಮ್ಮ ಪೂರ್ವಿಕರ ಕೈಚಳಕ!” ಎನ್ನುತ್ತೇವೆ. ಊರಿಗೆ ಹಿಂತಿರುಗಿ, ಉಳಿ ಹಿಡಿದ ಹುಡುಗನಿಗೆ, “ಓದು ಹತ್ತದಿದ್ದರೆ ಇದೇ ಗತಿ” ಎನ್ನುತ್ತೇವೆ. ಎಂಟುನೂರು ವರ್ಷ ಹಿಂದಿನ ಉಳಿಗೆ ಕೈಮುಗಿದು, ಇಂದಿನ ಉಳಿಗೆ ಮೂಗು ಮುರಿಯುವ ಭಕ್ತಿ ಎಂಥದು?

ಕನ್ನಡದ ಮೇಷ್ಟ್ರಾಗಿ ನನಗೆ ಇನ್ನೊಂದು ಸಂಕಟವಿದೆ. ಕಳೆದ ತಿಂಗಳು ತರಗತಿಯಲ್ಲಿ ‘ಕಡಾಣಿ’ ಎಂಬ ಮಾತು ಬಂತು. ಐವತ್ತು ಮಂದಿಯಲ್ಲಿ ಅದರ ಅರ್ಥ ಹೇಳಿದವರು ಇಬ್ಬರು. ಮಂಡ್ಯ ಜಿಲ್ಲೆಯ, ಕಬ್ಬಿನ ಗಾಡಿ ಓಡಾಡಿದ ದಾರಿಯಲ್ಲಿ ಬೆಳೆದ ಮಕ್ಕಳು! ಅಚ್ಚಿನ ತುದಿಯಲ್ಲಿ ನಿಂತು ಚಕ್ರ ಕಳಚದಂತೆ ಕಾಯುವ ಆ ಕೀಲನ್ನು ನಿಘಂಟು ತೋರಿಸಿ ವಿವರಿಸಿದೆ, ಬರೆದುಕೊಂಡರು, ಮರೆತರು. ನೊಗ, ಮೂಕಿ, ಅಚ್ಚು, ಗುಂಬ, ಅರೆಕಾಲು ಇವೆಲ್ಲ ಪದಕೋಶದಲ್ಲಿ ಹುಟ್ಟಿದ ಮಾತುಗಳಲ್ಲ, ಕೈಯಲ್ಲಿ ಹುಟ್ಟಿದವು. ನಮ್ಮ ಬಾಲ್ಯದಲ್ಲಿ ಜೋಳದ ದಂಟಿನಿಂದ ಗಾಡಿ ಮಾಡಿ, ಸವೆದ ಹವಾಯಿ ಚಪ್ಪಲಿಯಿಂದ ಚಕ್ರ ಕತ್ತರಿಸಿ, ಜಾಲಿಯ ಮುಳ್ಳನ್ನು ಕಡಾಣಿಯಾಗಿ ಚುಚ್ಚುತ್ತಿದ್ದೆವು. ಮುಳ್ಳು ಬಿದ್ದುಹೋದರೆ ಚಕ್ರ ಬೀಳುತ್ತಿತ್ತು. ಆ ಮಾತನ್ನು ಯಾರೂ ನಮಗೆ ಕಲಿಸಬೇಕಾಗಲಿಲ್ಲ. ಕೈ ಬಿಟ್ಟ ವಸ್ತುವಿನ ಹೆಸರನ್ನು ನಾಲಿಗೆ ಎಷ್ಟು ದಿನ ಹಿಡಿದಿಟ್ಟುಕೊಂಡೀತು? ಕನ್ನಡ ಉಳಿಸಿ ಎಂದು ನವೆಂಬರಿನಲ್ಲಿ ಭಾಷಣ ಮಾಡುವವರು ಇದನ್ನೂ ಸ್ವಲ್ಪ ಯೋಚಿಸಬೇಕು.

“ಹಾಗಾದರೆ ಮಕ್ಕಳು ಮತ್ತೆ ದಂಟಿನ ಗಾಡಿ ಮಾಡಲಿ, ಪೆಟ್ಟಿಗೆ ಏಕೆ?” ಎಂದು ಕೇಳಬಹುದು. ನಾವು ದಂಟಿನ ಗಾಡಿ ಮಾಡಿದ್ದು ಬಾಗಿಲಲ್ಲಿ ನಿಜವಾದ ಗಾಡಿ ನಿಂತಿದ್ದರಿಂದ. ಇಂದು ಅದರ ಜಾಗದಲ್ಲಿ ಟ್ರಾಕ್ಟರು ನಿಂತಿದೆ. ಅದಕ್ಕಾಗಿ ಅಳುವವನು ನಾನಲ್ಲ, ಎತ್ತಿನ ಹೆಗಲೂ ಹಗುರವಾಗಲಿ. ಆದರೆ ಕಣ್ಣಮುಂದೆ ಇಲ್ಲದ್ದನ್ನು ಕಟ್ಟಬೇಕಾದರೆ ಅಳತೆಯೂ ನಕ್ಷೆಯೂ ಬೇಕು. ಆದ್ದರಿಂದ ನನ್ನ ವಾದ ಇಷ್ಟು: ನಮ್ಮ ಗಾಡಿ, ನಮ್ಮ ತೆಪ್ಪ, ನಮ್ಮ ತೇರುಗಳು ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರಬೇಕು, ಕಟ್ಟುವ ಕ್ರಮ ಕನ್ನಡದಲ್ಲಿ ಅಚ್ಚಾಗಿರಬೇಕು.

ಇದು ಕನಸಲ್ಲ. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ ಈ ದಾರಿಗೆ ಬಂದದ್ದು ರೈತನ ಸಾಧನದಿಂದಲೇ. 1949ರಲ್ಲಿ ಅದು ಫರ್ಗುಸನ್ ಟ್ರಾಕ್ಟರಿನ ಮಾರಾಟಗಾರರಿಗೆ ಪುಟ್ಟ ಮಾದರಿಗಳನ್ನು ಮಾಡಿಕೊಟ್ಟಿತು. ಮುಂದೆ ಜೋಡಿಸುವ ಖರ್ಚು ಉಳಿಸಲು ಅದನ್ನೇ ಬಿಡಿಬಿಡಿಯಾಗಿ ಮಾರಿತು. 1952ರಲ್ಲಿ ತಮ್ಮ ನಾವಿಕ ಡ್ರೇಕನ ‘ಗೋಲ್ಡನ್ ಹೈಂಡ್’ ಹಡಗನ್ನು ಪೆಟ್ಟಿಗೆಗೆ ಹಾಕಿದರು. ಜಪಾನಿನ ತಾಮಿಯಾ 1946ರಲ್ಲಿ ಮರದ ವ್ಯಾಪಾರವಾಗಿ ಹುಟ್ಟಿತು. ಮೊದಲು ಮರದ ಮಾದರಿಗಳನ್ನು ಮಾಡಿತು. 1960ರಲ್ಲಿ ಪ್ಲಾಸ್ಟಿಕ್ಕಿಗೆ ಬಂದಾಗ ಆರಿಸಿಕೊಂಡದ್ದು ತಮ್ಮದೇ ‘ಯಾಮಾತೊ’ ಯುದ್ಧನೌಕೆಯನ್ನು. ಅವರವರು ಅವರವರ ವಸ್ತುವಿನಿಂದ ಆರಂಭಿಸಿದರು. ನಾವು ಅವರದನ್ನು ಕೊಂಡು ಗಾಜಿನ ಪೆಟ್ಟಿಗೆಯಲ್ಲಿಡುತ್ತೇವೆ.

ನಮ್ಮಲ್ಲಿ ಮರವಿಲ್ಲವೆ, ಕೈಯಿಲ್ಲವೆ? ಬೆಂಗಳೂರು-ಮೈಸೂರು ಹಾದಿಯಲ್ಲೇ ಚನ್ನಪಟ್ಟಣವಿದೆ. ಆಲೆ ಮರದ ತುಂಡನ್ನು ಚರಕಿಗೆ ಕೊಟ್ಟು ತಿರುಗಿಸಿ, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಕರಗಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುವ ಕುಶಲಿಗಳು ಅಲ್ಲಿದ್ದಾರೆ. ಗುಂಬ, ಅರೆಕಾಲುಗಳನ್ನು ನೂರು ಬೇಕೆಂದರೆ ನೂರು ತಿರುಗಿಸಿಕೊಡಬಲ್ಲರು. ಐದಡಿ ಎತ್ತರದ ಗಾಡಿಯ ಚಕ್ರ 12ರಲ್ಲಿ ಒಂದರ ಅಳತೆಗೆ ಐದೇ ಅಂಗುಲ. ಅರೆಕಾಲುಗಳನ್ನು ಗುಂಬಕ್ಕೆ ಸೇರಿಸಿ, ಅಚ್ಚಿಗೆ ಏರಿಸಿ, ಕಡಾಣಿ ಹಾಕುವ ಹೊತ್ತಿಗೆ ಮಗುವಿಗೆ ಒಂದು ಯಂತ್ರವೂ ಹತ್ತು ಕನ್ನಡ ಮಾತುಗಳೂ ಒಟ್ಟಿಗೆ ಬಂದಿರುತ್ತವೆ. ನಿಜವಾದ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಹಿಗ್ಗಿಸಿ ತೊಡಿಸಿ, ನೀರು ಹೊಯ್ದು ಕುಗ್ಗಿಸಿ ಬಿಗಿಮಾಡುತ್ತಿದ್ದರೆಂಬ ಸಂಗತಿಯನ್ನು ಆ ಕಾಗದದಲ್ಲೇ ಎರಡು ಸಾಲಿನಲ್ಲಿ ಬರೆದರೆ, ಭೌತಶಾಸ್ತ್ರದ ಒಂದು ಪಾಠವೂ ಅಲ್ಲೇ ಆಯಿತು. ಆ ಎರಡು ಸಾಲು ಬರೆಯಲು ಕನ್ನಡ ಎಂ.ಎ.ಗಳು ಬೇಕಾದಷ್ಟು ಮಂದಿ ಇದ್ದೇವೆ. ಕೂಲಿಯನ್ನೂ ಹೆಚ್ಚು ಕೇಳುವುದಿಲ್ಲ.

ಬೆಲೆ ಹೆಚ್ಚಾದೀತು, ಬಡವರ ಮಕ್ಕಳಿಗೆ ಎಟಕದು ಎಂಬ ಆಕ್ಷೇಪಣೆ ನ್ಯಾಯವಾದದ್ದು. ಶಾಲೆಗೊಂದು ಪೆಟ್ಟಿಗೆ ಸಾಕು; ಒಮ್ಮೆ ಕಟ್ಟಿ, ನೋಡಿ, ಬಿಚ್ಚಿ ಮುಂದಿನ ತರಗತಿಗೆ ಕೊಡಲಿ. ಅಂಟಿಲ್ಲದೆ ಕೀಲಿನಿಂದಲೇ ನಿಲ್ಲುವ ಗಾಡಿಗೆ ಇದೊಂದು ಅನುಕೂಲ. ತೆಪ್ಪಕ್ಕಂತೂ ಪೆಟ್ಟಿಗೆಯೂ ಬೇಡ, ಒಂದು ನಕ್ಷೆ, ಒಂದು ಗಳ ಬಿದಿರು ಸಾಕು. ಕೊಳ್ಳಲಾಗದವನು ನಕ್ಷೆ ನೋಡಿ ದಂಟಿನಲ್ಲೇ ಮಾಡಲಿ. ಅವನಿಗೆ ಎರಡು ಅಂಕ ಹೆಚ್ಚು ಕೊಡೋಣ.

ಆ ಸಹಿ ನನ್ನನ್ನು ಸುಮ್ಮನಿರಗೊಡಲಿಲ್ಲ. ಒಂದು ಭಾನುವಾರ ತೊಣ್ಣೂರಿಗೆ ಹೋದೆ. ನಂಬಿನಾರಾಯಣನ ಗುಡಿಯ ಬಳಿ ವಿಚಾರಿಸಿ, ಮೋತಿ ತಲಾಬ್ ಎಂದೂ ಕರೆಯುವ ಆ ದೊಡ್ಡ ಕೆರೆಯ ಏರಿಯ ಹತ್ತಿರ ಹುಡುಗನನ್ನು ಕಂಡೆ. ಕ್ಷಮೆ ಕೇಳುವುದು ಹೇಗೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವನಿಗೆ ಅದು ಬೇಕಾಗಿರಲಿಲ್ಲ. ಹಳೆಯ ತೆಪ್ಪವನ್ನು ತಂಗಿಗೆ ಕೊಟ್ಟುಬಿಟ್ಟಿದ್ದ, ಹೊಸದೊಂದನ್ನು ಹೆಣೆಯುತ್ತಿದ್ದ. “ಹ್ವಾದ್ ಸಲ ಒಂದ್ ಕಡೆ ದಬ್ಬೆ ದಪ್ಪ ಆಗಿತ್ತು ಸಾ, ಅದ್ಕೆ ಆ ಕಡೀಕ್ ಎಳೀತಿತ್ತು. ಈ ಸಲ ಎಲ್ಲಾನೂ ಒಂದೇ ಸಮ ಸೀಳಿವ್ನಿ” ಎಂದ. ನೀರಿಗಿಟ್ಟ. ನನ್ನ ಜೇಬಿನ ಬೀಗದ ಕೈ ಗೊಂಚಲನ್ನು ಕೇಳಿ ಪಡೆದು ನಡುವೆ ಇಟ್ಟ. ತೆಪ್ಪ ನೆಟ್ಟಗೆ ನಿಂತಿತು.

ಈ ವರ್ಷವೂ ಪ್ರದರ್ಶನಗಳು ಬರುತ್ತವೆ, ತೀರ್ಪುಗಾರರನ್ನು ಹುಡುಕುತ್ತಾರೆ. ಹೋಗುವವರಲ್ಲಿ ನನ್ನದೊಂದು ಬೇಡಿಕೆ. ಹಾರ ಹಾಕಿಸಿಕೊಳ್ಳಿ, ಚಹಾ ಕುಡಿಯಿರಿ. ಆಮೇಲೆ ಪ್ರತಿ ಮಗುವಿಗೂ, “ಇದರಲ್ಲಿ ಒಂದು ಭಾಗ ಬಿಚ್ಚಿ ಮತ್ತೆ ಹಾಕು, ಮುಂದಿನ ಸಲ ಏನು ಬದಲಾಯಿಸುತ್ತೀ, ಹೇಳು” ಎನ್ನಿ. ಉತ್ತರಕ್ಕಾಗಿ ಹಿಂದೆ ತಿರುಗಿ ನೋಡುವ ಮಗುವನ್ನು ಗದರಬೇಡಿ, ತಪ್ಪು ಅದರದಲ್ಲ. ತಂದೆಯನ್ನು ಹೊರಗೆ ಕಳುಹಿಸಿ, ಮಗುವಿನ ಕೈಗೆ ಒಂದು ಅರ, ಒಂದು ತುಂಡು ಬಿದಿರು ಕೊಡಿ. ಬಹುಮಾನದ ಪಟ್ಟಿಗೆ ಸಹಿ ಹಾಕುವ ಮೊದಲು ಒಂದು ಟಬ್ಬು ನೀರನ್ನೂ ಒಂದು ತಕ್ಕಡಿಯನ್ನೂ ತರಿಸಿಕೊಳ್ಳಿ.