ಸದ್ದಿನ ಮೂಲ ತಿಳಿಯದೆ ದುಡ್ಡು ಬಿಚ್ಚಬೇಡಿ

ದುಡಿದು ಕೂಡಿಟ್ಟ ಹಣದಿಂದ ಊರಿನ ಘಟ್ಟದ ದಾರಿಗೆಂದು ಹಳೆಯ ಫೋರ್‌ವೀಲ್ ಡ್ರೈವ್ ಪಿಕಪ್ ಕೊಳ್ಳಹೊರಟ ಬಂಧುಗಳಿಗೆ ಒಂದು ಮಾತು. ಸದ್ದು ಕೇಳಿದೊಡನೆ ಗೇರ್‌ಬಾಕ್ಸ್ ಬಿಚ್ಚಿಸಬೇಡಿ. ಖಾಲಿ, ಸಮತಟ್ಟು ರಸ್ತೆಯಲ್ಲಿ ಓಡಿಸಿ, ಕಿವಿಗೊಡಿ. ಓಟದಲ್ಲೇ ನ್ಯೂಟ್ರಲ್‌ಗೆ ತಂದರೂ ಮೊರೆತ ನಿಲ್ಲದಿದ್ದರೆ ಚಕ್ರದ ಬೇರಿಂಗನ್ನೋ ಟೈರನ್ನೋ ಶಂಕಿಸಿ. ಮುಂದಿನ ಗೇರಿನಿಂದ ರಿವರ್ಸಿಗೆ ಹಾಕುವಾಗ ‘ಠಣ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿರಬಹುದು. ತಿರುವಿನಲ್ಲಿ ‘ಟಕಟಕ’ ಎಂದರೆ ಮುಂದಿನ ಆಕ್ಸಲಿನ ಜಾಯಿಂಟ್ ನೋಡಿಸಿ. ಒಣ ಡಾಂಬರಿನಲ್ಲಿ ಫೋರ್‌ವೀಲ್ ಹಾಕಿ ತಿರುಗಿಸಿದರೆ ಇಂಥ ಬಹುತೇಕ ಗಾಡಿಗಳು ಬಿಗಿದು ನರಳುತ್ತವೆ. ಅದು ಗಾಡಿಯ ರೋಗವಲ್ಲ, ಓಡಿಸುವವನ ತಪ್ಪು. ಕ್ರಾಸ್ ಅಗ್ಗ, ಗೇರ್‌ಬಾಕ್ಸ್ ದುಬಾರಿ. ಸವೆದ ಭಾಗವನ್ನು ಕಣ್ಣಿಗೆ ತೋರಿಸದ ಮಿಸ್ತ್ರಿಗೆ ಕೆಲಸ ಒಪ್ಪಿಸಬೇಡಿ. ಬೆವರಿನ ಹಣಕ್ಕೆ ಲೆಕ್ಕ ಕೇಳುವುದು ನಮ್ಮ ಹಕ್ಕು.