ಗುಟ್ಸಿ ಅಜ್ಜನ ಶನಿವಾರ

ಮಿಲಾನ್‌ನಲ್ಲಿ ನಮ್ಮ ಪಕ್ಕದ್ಮನೆ ಅಜ್ಜನ ಹತ್ತಿರ ಹಳೇ ಮೋಟೋ ಗುಟ್ಸಿ ಬೈಕಿದೆ. ಶನಿವಾರ ಬಂತೆಂದರೆ ಸ್ಪ್ಯಾನರ್ ಸದ್ದು ಶುರು. ಎರಡು ಸಿಲಿಂಡರ್‌ಗಳು ಆನೆಕಿವಿ ಥರ ಎಡಬಲಕ್ಕೆ ಚಾಚಿಕೊಂಡಿವೆ ನೋಡಿ, ಟ್ಯಾಂಕ್ ಬಿಚ್ಚದೇ, ಎಂಜಿನ್ ತಣ್ಣಗಿರುವಾಗ ವಾಲ್ವ್ ಸಂದನ್ನು ತಾವೇ ಅಳೆದು ಸರಿಮಾಡ್ತಾರೆ. ಶಾಫ್ಟ್ ಇರೋದರಿಂದ ಚೈನಿಗೆ ಎಣ್ಣೆ ಹಾಕೋ ರಗಳೆಯೂ ಇಲ್ಲ. ಈಚೆಗೆ ಕಾಲೆತ್ತಿ ಹತ್ತೋದು ಕಷ್ಟ ಅಂತ ಸೀಟು ತಗ್ಗಿಸಿಕೊಂಡಿದ್ದಾರೆ.

"ಮಾರಿಬಿಡಪ್ಪಾ" ಅಂತಾನೆ ಮಗ. ಹೆಂಡತಿ ತೀರಿಕೊಂಡ ಮೇಲೆ ಹಿಂದಿನ ಸೀಟು ಖಾಲಿಯೇ.

ಮೊನ್ನೆ ನನ್ನನ್ನು ಕೂರಿಸಿಕೊಂಡು ಕೋಮೋ ಸರೋವರದ ದಡದ ಮಾಂಡೆಲ್ಲೊಗೆ ಹೊರಟರು. 1921ರಿಂದ ಗುಟ್ಸಿಗಳ ತವರೂರು ಅದು. ಕ್ರ್ಯಾಂಕ್ ಉದ್ದಕ್ಕೆ ಕೂತಿರುವುದರಿಂದ, ನಿಂತಲ್ಲೇ ಆಕ್ಸಿಲರೇಟರ್ ತಿರುಗಿಸಿದರೆ ಬೈಕು ಬಲಕ್ಕೆ ವಾಲುತ್ತೆ. ಕಿರುಚಿಬಿಟ್ಟೆ!

"ಅವಳೂ ಮೊದಲ ದಿನ ಹೀಗೇ ಕಿರುಚಿದ್ದಳು" ಅಂತ ನಕ್ಕರು.